ಮೂವತ್ತೊಂದು ಮನೆಗಳ ಪುಸ್ತಕ

ಹುಣಸೆಹಣ್ಣಿನ ಬೀಜ ಬಿಡಿಸುತ್ತ ಕೂತ ಮಲ್ಲಾಜಮ್ಮನವರನ್ನು ಮಾತಿಗೆಳೆಯುವುದು ಎಷ್ಟು ಕಷ್ಟವೆಂದು ಲೈನ್‌ಮನ್ ದೇವರಾಜುವಿಗೆ ಹದಿನೈದು ವರ್ಷದಿಂದ ಗೊತ್ತಿತ್ತು. ನಂಜನಗೂಡಿನ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ತಾರು ವರ್ಷ ಆಪರೇಟರ್ ಆಗಿದ್ದು ನಿವೃತ್ತರಾದ ಹೆಂಗಸು ಆಕೆ. ಊರಿನವರ ಮದುವೆ, ಮರಣ, ಜಗಳ, ರಾಜಿ ಎಲ್ಲವನ್ನೂ ಹೆಡ್‌ಫೋನಿನಲ್ಲಿ ಕೇಳಿಸಿಕೊಂಡು ಒಬ್ಬರಿಗೂ ಒಂದು ಮಾತು ಹೇಳದೆ ಬದುಕಿದವರು. ನಿವೃತ್ತಿಯ ಮೇಲೆ ಕೆಲಸ ಹೋಯಿತೇ ಹೊರತು ಕಿವಿ ಹೋಗಲಿಲ್ಲ. ಆ ಕಿವಿಯ ಬಲದಿಂದಲೇ ಮೂರು ವರ್ಷದಲ್ಲಿ ಎರಡು ಕಳ್ಳತನ, ಒಂದು ಸುಳ್ಳು ಉಯಿಲು ಪತ್ತೆಹಚ್ಚಿದ್ದರು. ಓಡಾಟಕ್ಕೆ ದೇವರಾಜುವಿನ ಮೊಪೆಡ್ಡು. ಹೆಸರು ಅವರಿಗೆ, ಪೆಟ್ರೋಲು ಇವನಿಗೆ.

೧೯೯೬ರ ಮಾರ್ಚ್ ತಿಂಗಳ ಆ ಮಂಗಳವಾರ ಬೆಳಿಗ್ಗೆ ಬಾಗಿಲಲ್ಲಿ ಒಬ್ಬ ಹೆಂಗಸು ಬಂದು ನಿಂತರು. ಐವತ್ತರ ಆಸುಪಾಸಿನ ವಯಸ್ಸು, ಒಗೆದೊಗೆದು ಬಣ್ಣ ಬಿಟ್ಟ ಹತ್ತಿ ಸೀರೆ, ಹಣೆಯಲ್ಲಿ ವಿಭೂತಿ. ರಾತ್ರಿಯಿಡೀ ಕಣ್ಣು ಮುಚ್ಚಿರಲಿಲ್ಲವೆಂದು ಯಾರು ಬೇಕಾದರೂ ಹೇಳಬಹುದಿತ್ತು.

"ಬಸ್ ಸ್ಟ್ಯಾಂಡಿನ ಫೋನ್ ಬೂತಿನ ಪವಿತ್ರ ನಿಮ್ಮ ಹೆಸರು ಹೇಳಿದಳು ಅಮ್ಮಾ. ನಾನು ಹೆಡತಲೆಯಲ್ಲಿದ್ದೇನೆ. ಊರು ಈರೋಡು," ಎಂದರು.

ಮಲ್ಲಾಜಮ್ಮ ತಲೆ ಎತ್ತಲಿಲ್ಲ. "ಒಳಗೆ ಬನ್ನಿ, ಕೂತ್ಕೊಳ್ಳಿ. ಈರೋಡಿನ ಆಪರೇಟರುಗಳ ಜೊತೆ ಮೂವತ್ತು ವರ್ಷ ಜಗಳ ಆಡಿದ್ದೀನಿ. ನಿಮ್ಮ ನಾಲಿಗೇಲಿರೋದು ಆ ತಮಿಳಲ್ಲ. ಅದು ಸಮುದ್ರ ದಾಟಿ ಬಂದದ್ದು. ನಿಜ ಹೇಳಿ, ಇಲ್ಲಾಂದ್ರೆ ಕಾಫಿ ಕುಡಿದು ಹೋಗಿ."

ಆ ಹೆಂಗಸು ಕೂತರು. ಬಳಿಕ ನಾಲ್ಕು ವರ್ಷ ಬಾಯಿಗೆ ಹಾಕಿಕೊಂಡಿದ್ದ ಬೀಗವನ್ನು ತೆಗೆದರು.

ಹೆಸರು ಪುನಿತವತಿ. ಶ್ರೀಲಂಕೆಯ ಉತ್ತರದ ಕಡೆಯವರು. ಗಂಡ ಅರುಳಂಬಲಂ ಅಲ್ಲಿ ದೊಡ್ಡ ನಾಯಕ. ಯುದ್ಧ ಬೇಡ, ಕೂತು ಮಾತಾಡೋಣ ಎಂದು ಹೇಳಿದ್ದೇ ತಪ್ಪಾಗಿ ಕೋವಿ ಹಿಡಿದವರು ಅವರ ಬೆನ್ನು ಹತ್ತಿದರು. ಗಂಡ ಹೆಂಡತಿ ಮನೆ ಬಿಟ್ಟು ಓಡಿದರು. ಕಡಲತೀರ ಸೇರುವವರೆಗೆ ಮೂವತ್ತೊಂದು ಮನೆಗಳವರು ಒಬ್ಬರಾದ ಮೇಲೊಬ್ಬರು ಅವರನ್ನು ಬಚ್ಚಿಟ್ಟು, ಗಂಜಿ ಹಾಕಿ, ಮುಂದಿನ ಊರಿಗೆ ದಾಟಿಸಿದರು. ದೋಣಿ ಹತ್ತಿದ್ದು ಹೆಂಡತಿ ಮಾತ್ರ. ಹೋರಾಟ ಬಿಟ್ಟು ಬರಲಾರೆ ಎಂದು ಗಂಡ ಅಲ್ಲೇ ತಲೆಮರೆಸಿಕೊಂಡು ಉಳಿದರು. ಗಂಡನ ಪರಿಚಯದವರ ಮೂಲಕ ಹೆಡತಲೆಯ ಚನ್ನಯ್ಯನ ಮನೆಯಲ್ಲಿ ಇವರಿಗೊಂದು ಕೋಣೆ ಸಿಕ್ಕಿತು. ಮಕ್ಕಳಿಗೆ ಇಂಗ್ಲಿಷ್ ಪಾಠ ಹೇಳಿಕೊಡುತ್ತ ಟೀಚರಮ್ಮ ಆದರು.

"ನನ್ನ ಹತ್ತಿರ ಒಂದು ಪುಸ್ತಕ ಇತ್ತು," ಎಂದರು ಪುನಿತವತಿ. "ಆ ಮೂವತ್ತೊಂದು ಮನೆಗಳವರ ಹೆಸರು, ಊರು. ನನ್ನ ಗಂಡ ಯಾರ ಹೆಸರನ್ನೂ ಕೇಳಲಿಲ್ಲ, ನಾನೇ ಕೇಳಿ, ಮರೆಯಬಾರದು ಅಂತ ಬರೆದಿಟ್ಟೆ. ಯುದ್ಧ ಮುಗಿದ ಮೇಲೆ ಒಂದೊಂದು ಮನೆಗೂ ಹೋಗಿ ಕಾಲಿಗೆ ಬೀಳಬೇಕು ಅಂತ ಆಸೆ. ಅರಿಶಿನದ ಬಟ್ಟೆಯಲ್ಲಿ ಸುತ್ತಿ ಹೊಲಿದು ಪೆಟ್ಟಿಗೆಯಲ್ಲಿಟ್ಟಿದ್ದೆ. ನೆನ್ನೆ ಮಧ್ಯಾಹ್ನ ನಾನು ಪಾಠಕ್ಕೆ ಹೋಗಿದ್ದಾಗ ಅದು ಹೋಯಿತು. ಅದೇ ಪೆಟ್ಟಿಗೆಯಲ್ಲಿ ನಾಲ್ಕು ಚಿನ್ನದ ಬಳೆ ಇವೆ, ಮುಟ್ಟಿಲ್ಲ."

"ಆ ಪುಸ್ತಕ ಕೋವಿಯವರ ಕೈಗೆ ಸಿಕ್ಕಿದರೆ?"

"ಮೂವತ್ತೊಂದು ಮನೆಗಳಲ್ಲಿ ದೀಪ ಹಚ್ಚುವವರು ಇರುವುದಿಲ್ಲ," ಎಂದರು ಆಕೆ. "ಅನ್ನ ಹಾಕಿದವರನ್ನು ನಾನೇ ಬರೆದುಕೊಟ್ಟ ಹಾಗಾಯಿತು ಅಮ್ಮಾ. ಪೊಲೀಸರ ಹತ್ತಿರ ಹೋದರೆ ನಾನು ಯಾರೆಂದು ಹೇಳಬೇಕು. ಯಾರನ್ನು ನಂಬಲಿ?"

ದೇವರಾಜು ಹೆಡತಲೆಗೆ ಕಂಬ ಹತ್ತಲು ಎಷ್ಟೋ ಸಲ ಹೋಗಿದ್ದ. ಈ ಟೀಚರಮ್ಮ ಒಮ್ಮೆ ಮಜ್ಜಿಗೆಯನ್ನೂ ಕೊಟ್ಟಿದ್ದರು. ಆ ಬಾಗಿಲ ಹಿಂದೆ ಇಂಥದೊಂದು ಕತೆ ಇರಬಹುದೆಂದು ಅವನು ಕನಸಿನಲ್ಲೂ ಎಣಿಸಿರಲಿಲ್ಲ.

ಮಲ್ಲಾಜಮ್ಮ ಹುಣಸೆಹಣ್ಣಿನ ಮೊರವನ್ನು ಪಕ್ಕಕ್ಕೆ ಸರಿಸಿದರು. "ಪುಸ್ತಕದ ವಿಷಯ ಯಾರ್ಯಾರಿಗೆ ಗೊತ್ತು?"

"ನನ್ನ ಗಂಡನಿಗೆ. ಕುಗನ್‌ಗೆ. ಕುಗನ್ ನನ್ನ ಗಂಡನ ತಂಗಿಯ ಮಗ. ಮದರಾಸಿನಲ್ಲಿದ್ದಾನೆ, ತಿಂಗಳಿಗೊಮ್ಮೆ ಬಂದು ಗಂಡನ ಸುದ್ದಿ ತಿಳಿಸಿ ಹೋಗುತ್ತಾನೆ. ಈಗಲೂ ಬಂದಿದ್ದಾನೆ, ನನ್ನ ಕೋಣೆಯಲ್ಲೇ ಇಳಿದುಕೊಂಡಿದ್ದಾನೆ. ಮಕ್ಕಳಿಲ್ಲದ ನನಗೆ ಅವನೇ ಮಗ. ಮಹದೇವಮ್ಮ, ಅಂದರೆ ಚನ್ನಯ್ಯನ ಹೆಂಡತಿ, ಒಮ್ಮೆ ನೋಡಿ ಏನೆಂದು ಕೇಳಿದ್ದಳು. ದೇವರ ಪುಸ್ತಕ ಅಂದಿದ್ದೆ."

"ಗಂಡನ ಜೊತೆ ಫೋನಿನಲ್ಲಿ ಮಾತಾಡ್ತೀರಾ?"

"ಒಂದು ನಂಬರು ಕೊಟ್ಟಿದ್ದರು, ಪ್ರಾಣ ಹೋಗುವಂತಿದ್ದರೆ ಮಾತ್ರ ಮಾಡು ಅಂತ. ಟೈಫಾಯಿಡ್ ಬಂದಾಗ ಮಾಡಿದೆ. ಯಾರೋ ಎತ್ತಿ ರಾಂಗ್ ನಂಬರ್ ಅಂದರು. ಅವರು ಜಾಗ ಬದಲಿಸಿರಬೇಕು. ಎರಡು ವರ್ಷದಿಂದ ಅವರ ಧ್ವನಿ ಕೇಳಿಲ್ಲ."

ಹತ್ತು ಗಂಟೆಯ ಹೊತ್ತಿಗೆ ಆಕೆ ಬಸ್ಸಿನಲ್ಲೂ ಇವರಿಬ್ಬರು ಮೊಪೆಡ್ಡಿನಲ್ಲೂ ಹೆಡತಲೆ ಸೇರಿದರು. ಮನೆಯಂಗಳದಲ್ಲಿ ಆಗಲೇ ದೊಡ್ಡ ರಾದ್ಧಾಂತ ನಡೆದಿತ್ತು. ಚನ್ನಯ್ಯ ತನ್ನ ಭಾಮೈದ ಮಾದೇಶನ ಕೊರಳಪಟ್ಟಿ ಹಿಡಿದು ನಿಂತಿದ್ದ.

"ಈ ಬೀಡಿ ನನ್ಮಗನೇ ಸಾ, ಇನ್ಯಾರೂ ಅಲ್ಲ! ಉಳು ಮನೆಗೆ ನುಗ್ಗವ್ನೆ. ಎರಡು ತಟ್ಟೆ ಉಳ ಕಕ್ಕೊಂಡು ಸತ್ತೋಗವೆ. ಒಗೆಸೊಪ್ಪಿನ ಕೈ ತಗುಲಿದ್ರೆ ಅವು ಬದುಕ್ತವಾ?"

"ನಾ ಆ ಕಡೆ ತಲೆನೇ ಆಕಿಲ್ಲ ಭಾವ! ನಿಮ್ಮಾಣೆ ಕಣ್ಲಾ ಅಂದ್ರೂ ನಂಬಕಿಲ್ಲ ಅಂತೀರಲ್ಲ," ಎಂದು ಮಾದೇಶ ಅಳುವ ದನಿಯಲ್ಲಿ ಕೂಗಾಡುತ್ತಿದ್ದ. ಸಿಟ್ಟಿನ ಭರಕ್ಕೆ ಭಾವನಿಗೇ 'ಕಣ್ಲಾ' ಅಂದುಬಿಟ್ಟಿದ್ದೂ ಅವನಿಗೆ ಗೊತ್ತಾಗಿರಲಿಲ್ಲ.

ಮಲ್ಲಾಜಮ್ಮ ಇಬ್ಬರನ್ನೂ ಬಿಡಿಸಿ ಮನೆ ನೋಡಲು ಹೊರಟರು. ಟೀಚರಮ್ಮನ ಕೋಣೆಗೆ ಎರಡು ಬಾಗಿಲು. ಮುಂದಿನದಕ್ಕೆ ಬೀಗ, ಅದರ ಕೀಲಿ ಮಹದೇವಮ್ಮನ ಅಡುಗೆಮನೆಯ ಮೊಳೆಯಲ್ಲಿ ನೇತಾಡುತ್ತಿತ್ತು. ಹಿಂದಿನ ಬಾಗಿಲು ರೇಷ್ಮೆ ಹುಳು ಸಾಕುವ ಮನೆಗೆ ತೆರೆಯುತ್ತಿತ್ತು. ಅದಕ್ಕಿದ್ದದ್ದು ಒಂದು ಮರದ ಅಗುಳಿ, ಸಂದಿಯಿಂದ ಕಡ್ಡಿ ತೂರಿಸಿದರೆ ಎತ್ತಬಹುದಾದಷ್ಟು ಸಡಿಲ. ಹುಳು ಮನೆಯಿಂದ ಹಿಪ್ಪುನೇರಳೆ ತೋಟಕ್ಕೆ ಇನ್ನೊಂದು ಬಾಗಿಲು, ಅದಕ್ಕೆ ಬೀಗವೇ ಇಲ್ಲ. ಬೀಗ ಏಕೆ ಬೇಕು? ಹುಳು ಮನೆಗೆ ಹೊರಗಿನವರು ಕಾಲಿಡುವುದಿಲ್ಲ.

ಒಳಗೆ ಮಹದೇವಮ್ಮ ಸತ್ತ ಹುಳುಗಳನ್ನು ಆರಿಸುತ್ತ ಕಣ್ಣೊರೆಸಿಕೊಳ್ಳುತ್ತಿದ್ದಳು.

"ನೆನ್ನೆ ಮಧ್ಯಾನ ನೀವು ಇಲ್ಲಿರಲಿಲ್ಲವಾ? ಸೊಪ್ಪು ಹಾಕೋ ಹೊತ್ತಲ್ಲವಾ ಅದು?" ಎಂದು ಮಲ್ಲಾಜಮ್ಮ ಕೇಳಿದರು.

"ನೆನ್ನೆ ಉಳ ಜ್ವರಕ್ಕೆ ಕೂತಿದ್ವು ಕಣವ್ವ. ನಾಕ್ನೇ ಜ್ವರ. ಚರ್ಮ ಬದಲಾಯಿಸೋವಾಗ ಅವು ಮೇಯಾಕಿಲ್ಲ, ಅಲ್ಲಾಡಾಕಿಲ್ಲ, ನಾವೂ ಅವನ್ನ ಮುಟ್ಟಾಕಿಲ್ಲ. ಅದಕ್ಕೆ ಮುಂದಗಡೆ ಕೂತ್ಕಂಡು ಉಳ ಗೂಡು ಕಟ್ಟೋ ಚಂದ್ರಿಕೆ ಒರೆಸ್ತಾ ಇದ್ದೆ. ಎರಡು ಗಂಟೆ ಒತ್ನಲ್ಲಿ ಒಂದೇ ಒಂದ್ಸಲ ಬಾಗ್ಲು ತೆಗೆದು ಇಣುಕಿ ನೋಡ್ದೆ, ಅಷ್ಟೆಯ. ಯಾರೂ ಕಾಣ್ನಿಲ್ಲ."

"ಸತ್ತದ್ದು ಯಾವ ತಟ್ಟೆಯವು?"

ಮಹದೇವಮ್ಮ ತೋರಿಸಿದಳು. ಹಿಂದಿನ ಸಾಲಿನ ಎಲ್ಲಕ್ಕಿಂತ ಕೆಳಗಿನ ಎರಡು ತಟ್ಟೆ. ಅದೂ ತಟ್ಟೆಯ ಒಂದು ಅಂಚಿನಲ್ಲಿ ಮಾತ್ರ. ಮಲ್ಲಾಜಮ್ಮ ಮಂಡಿಯೂರಿ ಆ ಸಾಲಿನ ಹಿಂದೆ ತೂರಿಕೊಂಡು ಕೂತರು, ಒಂದು ಕೈಯನ್ನು ತಟ್ಟೆಯ ಅಂಚಿಗೆ ಊರಿದರು, ಮೇಲೇಳಲಾಗದೆ "ದೇವರಾಜು, ಎತ್ತಪ್ಪ," ಎಂದರು. ಹುಳು ಮನೆಯಲ್ಲಿ ನಗುವಂತಿರಲಿಲ್ಲ, ಆದ್ದರಿಂದ ದೇವರಾಜು ಕೆಮ್ಮಿದ.

ಚನ್ನಯ್ಯನನ್ನು ಕೇಳಿದಾಗ ಅವನು ಎದೆ ಸೆಟೆಸಿ ಹೇಳಿದ. "ನಾನೆಲ್ಲಿರ್ತೀನಿ ಮತ್ತೆ? ನೆನ್ನೆ ಸೋಮಾರ ಅಲ್ವರಾ? ಎತ್ತು ಕಟ್ಟಂಗಿಲ್ಲ. ಒಳೆಗೆ ಒಡಕೊಂಡೋಗಿ ಮೈ ತೊಳೆದು, ಈಬತ್ತಿ ಇಕ್ಕಿ ಸಂಜೆಗೆ ಬಂದೆ. ಊರ ಗಂಡಸ್ರೆಲ್ಲ ಅಲ್ಲೇ ಇದ್ರು, ಕೇಳ್ಕಳಿ." ಮಾದೇಶನನ್ನು ಕೇಳಿದರೆ, ಮನೆಯ ಹಿಂದಿನ ಬೇವಿನ ಮರದಡಿ ಮಲಗಿದ್ದೆ ಎಂದ. ಅವನನ್ನು ಕಂಡವರಿರಲಿಲ್ಲ.

ಕುಗನ್ ಜಗಲಿಯ ಮೇಲಿದ್ದ. ಇಪ್ಪತ್ತೆಂಟರ, ಲಕ್ಷಣವಾದ ಯುವಕ. ಆ ಸುಡುಬಿಸಿಲಿನಲ್ಲೂ ಕತ್ತಿನತನಕ ಜಿಪ್ ಎಳೆದ ಜರ್ಕಿನ್ ತೊಟ್ಟಿದ್ದ. ಹತ್ತಿರ ಹೋದರೆ ಸೊಳ್ಳೆ ಮುಲಾಮಿನ ಘಾಟು. ದೇವರಾಜು ಮೂಗು ಹಿಂಡಿಕೊಂಡದ್ದನ್ನು ಕಂಡು ಪುನಿತವತಿಯೇ ಹೇಳಿದರು. "ನಿರಾಶ್ರಿತರ ಶಿಬಿರದಲ್ಲಿದ್ದಾಗ ಮೂರು ಸಲ ಮಲೇರಿಯಾ ಬಂತು ಅವನಿಗೆ. ಹಗಲೂ ರಾತ್ರಿಯೂ ಮುಲಾಮು ಬಳಿದುಕೊಂಡೇ ಇರುತ್ತಾನೆ."

ಮಲ್ಲಾಜಮ್ಮ ಅವನೊಡನೆ ತಮಿಳಿನಲ್ಲಿ ಮಾತಾಡಿದರು; ದೇವರಾಜುವಿಗಾಗಿ ಆಗಾಗ ಕನ್ನಡಕ್ಕೆ ತಿರುಗಿಸಿದರು. ಭಾನುವಾರ ಬಂದೆ, ಎಂದ ಕುಗನ್. ಮಾಮಿಗೆ ಮಂಡಿನೋವು. ನರಸೀಪುರದಾಚೆ ಹೆಮ್ಮಿಗೆಯಲ್ಲಿ ನೋವಿನ ಎಣ್ಣೆ ಕೊಡುವ ವೈದ್ಯರಿದ್ದಾರೆಂದು ಯಾರೋ ಹೇಳಿದರು. ಸೋಮವಾರ ಬೆಳಿಗ್ಗೆಯೇ ಹೋದೆ, ಎಣ್ಣೆ ತಂದೆ. ಬಾಟಲಿ ತೋರಿಸಿದ.

"ಹೇಗೆ ಬಂದೆಯಪ್ಪ ವಾಪಸ್ಸು?"

"ಬರುವಾಗ ಬಸ್ಸು ಕೆಟ್ಟಿತು. ಕಬ್ಬು ತುಂಬಿದ ಎತ್ತಿನ ಗಾಡಿಯೊಂದು ಬಂತು. ಗಾಡಿಯವನು ಪಾಪ ಒಳ್ಳೆಯವನು, ಹತ್ತಿಸಿಕೊಂಡ. ಬಿಳಿ ಎತ್ತುಗಳು, ಕೊಂಬಿಗೆ ಹಸಿರು ಬಣ್ಣ. ನಾಲ್ಕೂವರೆಗೆ ನರಸೀಪುರದಲ್ಲಿ ಇಳಿಸಿದ. ಅಲ್ಲಿಂದ ಬಸ್ಸು ಹಿಡಿದು ಇಲ್ಲಿಗೆ ಬರುವಾಗ ಆರು ದಾಟಿತ್ತು."

"ಕಷ್ಟಪಟ್ಟೆ," ಎಂದರು ಮಲ್ಲಾಜಮ್ಮ. ಅಷ್ಟೇ. ದೇವರಾಜುವಿಗೆ ಆ ಹುಡುಗನ ಮೇಲೆ ಮರುಕವೇ ಬಂತು. ಅತ್ತೆಯ ಮಂಡಿನೋವಿಗೆ ಅಷ್ಟು ದೂರ ಅಲೆಯುವ ಮಕ್ಕಳು ಎಷ್ಟು ಜನರಿಗಿದ್ದಾರೆ?

ನಂಜನಗೂಡಿಗೆ ಮರಳುವ ದಾರಿಯಲ್ಲಿ ಅವನು ತನ್ನ ತೀರ್ಪು ಕೊಟ್ಟೇಬಿಟ್ಟ. "ಮಾದೇಶನೇ ಮೇಡಂ. ಬೀಡಿ ಕೈ. ಯಾರೋ ಮಾತಲ್ಲಿ ಮರುಳು ಮಾಡಿ ತರಿಸಿಕೊಂಡವರೆ."

"ಮುಂದೆ ನೋಡಿ ಗಾಡಿ ಓಡಿಸು," ಎಂದರು ಮಲ್ಲಾಜಮ್ಮ.

ಊರಿಗೆ ಬಂದವರು ಮನೆಗೆ ಹೋಗದೆ ನೇರವಾಗಿ ಪವಿತ್ರಳ ಬೂತಿಗೆ ನಡೆದರು. ಪವಿತ್ರ ಅವರ ಕೈಕೆಳಗೆ ಕೆಲಸ ಕಲಿತವಳು. ಅವಳ ಮನೆಯ ಮುಂದಿನ ಕೋಣೆಯೇ ಬೂತು. ಮಲ್ಲಾಜಮ್ಮ ಮೊದಲು ಹೆಮ್ಮಿಗೆಯ ಅಂಚೆ ಕಚೇರಿಗೆ ಫೋನ್ ಹಚ್ಚಿ ಗಾಜಿನ ಬಾಗಿಲ ಹಿಂದೆ ಐದು ನಿಮಿಷ ಮಾತಾಡಿದರು. ದೇವರಾಜುವಿಗೆ ಹೊರಗೆ ಕಂಡದ್ದು ಅವರು ತಲೆಯಾಡಿಸಿದ್ದು ಮಾತ್ರ. ಆಮೇಲೆ ಪವಿತ್ರಳ ಪಕ್ಕ ಕೂತು, "ಸೋಮವಾರ ಜರ್ಕಿನ್ ಹಾಕಿದ ಯುವಕ ಬಂದಿದ್ನಾ?" ಎಂದರು.

ಪವಿತ್ರಳ ಮುಖ ಸಣ್ಣದಾಯಿತು. "ಮೇಡಂ, ನೀವೇ ಕಲಿಸಿದ್ದು. ಕಿವಿಗೆ ಬಿದ್ದದ್ದು ಬಾಯಿಗೆ ಬರಬಾರದು ಅಂತ."

"ಹೌದು ಕಣಮ್ಮ. ಮೂವತ್ತಾರು ವರ್ಷ ನಾನೂ ಮುರಿದಿಲ್ಲ. ಇವತ್ತು ಮುರಿಯದೆ ಹೋದರೆ ಮೂವತ್ತೊಂದು ಮನೆ ಮುರಿದು ಬೀಳ್ತವೆ. ಪಾಪ ಬಂದರೆ ನನಗಿರಲಿ, ಹೇಳು."

ಪವಿತ್ರ ಮೇಜಿನ ಕೆಳಗಿನ ಡಬ್ಬಿಯಿಂದ ಒಂದು ಚೀಟಿ ತೆಗೆದುಕೊಟ್ಟಳು. ಫೋನ್ ಯಂತ್ರದಿಂದ ಬರುವ ಬಿಲ್ಲಿನ ಚೀಟಿ. ಗಡಿಬಿಡಿಯಲ್ಲಿ ಅವನು ಬಿಟ್ಟು ಹೋಗಿದ್ದ. ಬುಧವಾರ ಐದು ಗಂಟೆಗೆ ಮತ್ತೆ ಬರುತ್ತೇನೆ, ಬೂತು ಖಾಲಿ ಇಟ್ಟಿರಿ ಎಂದೂ ಹೇಳಿದ್ದನಂತೆ. ಚೀಟಿಯನ್ನು ಮಲ್ಲಾಜಮ್ಮ ಸೀರೆಯ ಸೆರಗಿಗೆ ಗಂಟು ಹಾಕಿಕೊಂಡರು. "ನಾಳೆ ನಾಲ್ಕೂವರೆಗೆ ಹೆಡತಲೆಯವರೆಲ್ಲ ಇಲ್ಲಿರಬೇಕು. ಪುಸ್ತಕದ ಸುಳಿವು ಸಿಕ್ಕಿದೆ ಅಂತ ಹೇಳಿ ಕರೆಸು, ದೇವರಾಜು. ಒಬ್ಬರೂ ತಪ್ಪಬಾರದು."

ಬುಧವಾರ ಪವಿತ್ರಳ ಬೂತಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಬೆಂಚಿನ ಮೇಲೆ ಪುನಿತವತಿ, ಮಹದೇವಮ್ಮ, ಗೋಡೆಗೊರಗಿ ಚನ್ನಯ್ಯ, ಅವನಿಂದ ಸಾಧ್ಯವಾದಷ್ಟು ದೂರದಲ್ಲಿ ಮಾದೇಶ, ಬಾಗಿಲ ಬಳಿ ಗಡಿಯಾರವನ್ನೇ ನೋಡುತ್ತ ಕುಗನ್. ಎಲ್ಲರೂ ಬಂದ ಮೇಲೆ ಪವಿತ್ರ ಷಟರ್ ಅರ್ಧ ಎಳೆದಳು. ದೇವರಾಜು ಅದರ ಮುಂದೆ ನಿಂತ. ನಿಲ್ಲಲು ಮಲ್ಲಾಜಮ್ಮ ಹೇಳಿದ್ದರು, ಏಕೆಂದು ಹೇಳಿರಲಿಲ್ಲ.

"ಚನ್ನಯ್ಯ, ಮೊದಲು ನಿಮ್ಮ ಭಾಮೈದನ ಮಾತು," ಎಂದು ಮಲ್ಲಾಜಮ್ಮ ಶುರು ಮಾಡಿದರು. "ಮಾದೇಶ ನಿಮ್ಮ ಮನೇಲೇ ಉಣ್ಣೋನು. ಟೀಚರಮ್ಮನ ಕೋಣೆಯ ಕೀಲಿ ಅಡುಗೆಮನೆ ಮೊಳೇಲಿದೆ. ಅಕ್ಕ ಆ ಕಡೆ ತಿರುಗಿದಾಗ ಕೀಲಿ ತಗೊಂಡು ಮುಂಬಾಗಿಲಿಂದಲೇ ಹೋಗಬಹುದಿತ್ತು. ಹುಳು ಮನೆಯಲ್ಲಿ ತೆವಳಿಕೊಂಡು ಹೋಗೋ ಕರ್ಮ ಅವನಿಗೆ ಯಾಕೆ? ತಮಿಳು ಓದಕ್ಕೆ ಬಾರದವನು ಚಿನ್ನದ ಬಳೆ ಬಿಟ್ಟು ಪುಸ್ತಕ ತಗೊಂಡು ಏನು ಮಾಡ್ತಾನೆ? ಹುಳು ಮನೆ ಮೂಲಕ ಬಂದವನಿಗೆ ಕೀಲಿ ಎಲ್ಲಿದೆ ಅಂತ ಗೊತ್ತಿರಲಿಲ್ಲ, ಇಲ್ಲಾ ಅಡುಗೆಮನೆಗೆ ಹೋಗುವಂತಿರಲಿಲ್ಲ. ಆದರೆ ಹಿಂಬಾಗಿಲ ಅಗುಳಿ ಸಡಿಲ ಅಂತ ಗೊತ್ತಿತ್ತು. ಆ ಕೋಣೇಲಿ ಮಲಗಿ ಎದ್ದವನಿಗೆ ಮಾತ್ರ ಅದು ಗೊತ್ತಾಗೋದು."

ಪುನಿತವತಿ ತಲೆ ಎತ್ತಿದರು.

"ಕೇಳಿ. ಕಳ್ಳ ಒಳಗಿರುವಾಗ ಮಹದೇವಮ್ಮ ಬಾಗಿಲು ತೆಗೆದು ಇಣುಕಿದರು. ಅವನು ಹಿಂದಿನ ಸಾಲಿನ ಸಂದಿಯಲ್ಲಿ ಕುಕ್ಕರಿಸಿದ, ಕೈಯನ್ನು ಕೆಳಗಿನ ತಟ್ಟೆಗೆ ಊರಿದ. ನಾನೂ ಹಾಗೇ ಕೂತು ನೋಡಿದೆ, ಕೈ ಅಲ್ಲಿಗೇ ಹೋಗುತ್ತೆ. ಆ ಕೈ ತಗುಲಿದ ಕಡೆ ಮಾತ್ರ ಹುಳ ಸತ್ತಿವೆ. ಹೊಗೆಸೊಪ್ಪೊಂದೇ ವಿಷ ಅಂತ ನೀವಂದುಕೊಂಡಿರಿ. ಹುಳು ಮನೇಲಿ ಸೊಳ್ಳೆಬತ್ತಿ ಹಚ್ತೀರಾ ಮಹದೇವಮ್ಮ?"

"ಅಯ್ಯೋ, ಉಂಟಾ! ಒಂದೂ ಉಳಿಯಾಕಿಲ್ಲ," ಎಂದ ಮಹದೇವಮ್ಮ ಅಷ್ಟಕ್ಕೇ ಬಾಯಿ ಮುಚ್ಚಿಕೊಂಡಳು. ಎಲ್ಲರ ಕಣ್ಣೂ ಜರ್ಕಿನ್ನಿನ ಕಡೆ ತಿರುಗಿದವು.

"ಆದರೆ ಮುಲಾಮಿಗಿಂತ ಮೊದಲು ಅವನನ್ನು ಹಿಡಿದುಕೊಟ್ಟದ್ದು ಎತ್ತು," ಎಂದರು ಮಲ್ಲಾಜಮ್ಮ. "ಸೋಮವಾರ ಹೆಮ್ಮಿಗೆ ದಾರೀಲಿ ಕಬ್ಬಿನ ಗಾಡಿ ಹತ್ತಿ ಬಂದನಂತೆ. ಬಿಳಿ ಎತ್ತಂತೆ, ಕೊಂಬಿಗೆ ಹಸಿರು ಬಣ್ಣವಂತೆ. ನಾನು ಕೇಳದೇ ಇದ್ದದ್ದನ್ನೆಲ್ಲ ಹೇಳಿದ. ಚನ್ನಯ್ಯ, ಸೋಮವಾರ ನಮ್ಮ ಕಡೆ ಎತ್ತಿನ ಹೆಗಲ ಮೇಲೆ ನೊಗ ಇಡ್ತಾರಾ?"

"ಬಸವಣ್ಣನ ದಿವ್ಸ ಕಣವ್ವ!" ಚನ್ನಯ್ಯ ಬೆಚ್ಚಿಬಿದ್ದ. "ಯಾವ ನನ್ಮಗ ಕಟ್ತಾನೆ? ಕಟ್ಟುದ್ರೆ ಊರೋರು ಸುಮ್ಕಿದ್ದಾರಾ?"

"ಹೆಮ್ಮಿಗೆ ಅಂಚೆಯವರೂ ಅದನ್ನೇ ಅಂದರು. ಆ ದಿನ ಅಲ್ಲಿ ಒಂದು ಗಾಡಿಯೂ ಹೊರಟಿಲ್ಲ, ಬಸ್ಸೂ ಕೆಟ್ಟಿಲ್ಲ. ಪಟ್ಟಣದಲ್ಲಿ ಬೆಳೆದ ಹುಡುಗ, ಹಳ್ಳಿ ಅಂದ ಮೇಲೆ ಎತ್ತಿನ ಗಾಡಿ ಇರುತ್ತೆ ಅಂತ ಸೇರಿಸಿದ. ವಾರದ ಉಳಿದ ಯಾವ ದಿನದ ಹೆಸರು ಹೇಳಿದ್ದರೂ ನಾನು ನಂಬಿಬಿಡ್ತಿದ್ದೆ."

ದೇವರಾಜುವಿಗೆ ತನ್ನ ಮೇಲೆಯೇ ನಾಚಿಕೆಯಾಯಿತು. ಚನ್ನಯ್ಯ ಎತ್ತು ತೊಳೆದ ಕತೆ ಹೇಳಿದಾಗ ಅವನೂ ಅಲ್ಲೇ ನಿಂತಿದ್ದ. ಗಾಡಿಯ ಕತೆಯನ್ನೂ ಕೇಳಿದ್ದ. ಎರಡನ್ನೂ ಕೂಡಿಸಲು ಮಾತ್ರ ತಲೆ ಓಡಲಿಲ್ಲ.

"ಮಾಮಿ, ಇವರು ಏನೇನೋ ಹೇಳುತ್ತಿದ್ದಾರೆ," ಎಂದು ಕುಗನ್ ತಮಿಳಿನಲ್ಲಿ ಕೂಗಿದ. ಮಾತು ಅರ್ಥವಾಗದವರಿಗೂ ಧ್ವನಿ ಅರ್ಥವಾಯಿತು.

ಮಲ್ಲಾಜಮ್ಮ ಸೆರಗಿನ ಗಂಟು ಬಿಚ್ಚಿದರು. "ನಾಲ್ಕೂವರೆಗೆ ನರಸೀಪುರದಲ್ಲಿ ಗಾಡಿ ಇಳಿದೆ ಅಂದೆಯಲ್ಲಪ್ಪ. ಈ ಚೀಟಿ ನೋಡು. ಸೋಮವಾರ, ನಾಲ್ಕು ಗಂಟೆ ಹದಿನೆಂಟು ನಿಮಿಷ. ಇದೇ ಬೂತಿನಿಂದ ನೀನು ಕೊಲಂಬೊಗೆ ಹನ್ನೊಂದು ನಿಮಿಷ ಮಾತಾಡಿದ್ದೀಯ." ಚೀಟಿಯನ್ನು ಪುನಿತವತಿಯ ಕೈಗಿಟ್ಟರು. "ಇಷ್ಟರವರೆಗೆ ಹೇಳೋದು ನನಗೆ ಸುಲಭವಿತ್ತು. ಇನ್ನು ಮುಂದಿನದು ನೀವು ಹೇಳಬೇಕು ತಾಯಿ. ಈ ನಂಬರು ಯಾರದ್ದು?"

ಪುನಿತವತಿ ಚೀಟಿಯನ್ನು ನೋಡಿದರು. ಮತ್ತೆ ನೋಡಿದರು. ಆಕೆಯ ತುಟಿ ಒಂದೊಂದೇ ಅಂಕಿಯನ್ನು ಹೇಳಿಕೊಂಡಿತು. ಪ್ರಾಣ ಹೋಗುವಂತಿದ್ದರೆ ಮಾತ್ರ ಮಾಡು ಎಂದು ಗಂಡ ಕೊಟ್ಟಿದ್ದ ನಂಬರು ಅದು.

"ಇಲ್ಲ," ಎಂದರು ಆಕೆ. "ಇದು ಸತ್ತುಹೋದ ನಂಬರು. ಇಲ್ಲಿ ಯಾರೂ ಎತ್ತುವುದಿಲ್ಲ."

"ಹನ್ನೊಂದು ನಿಮಿಷ ಯಾರೋ ಎತ್ತಿದ್ದಾರೆ. ಗಂಟೆ ಐದಾಗ್ತಾ ಬಂತು. ಈ ಹೊತ್ತಿಗೆ ಅಲ್ಲಿ ಒಬ್ಬರು ಫೋನಿನ ಪಕ್ಕ ಕಾಯ್ತಾ ಇರ್ತಾರೆ. ನೀವೇ ಹಚ್ಚಿ. ಮೊದಲು ಮಾತಾಡಬೇಡಿ, ಕೇಳಿ ಅಷ್ಟೇ."

ಕುಗನ್ ಬಾಗಿಲ ಕಡೆ ಹೆಜ್ಜೆಯಿಟ್ಟ. ಅಲ್ಲಿ ದೇವರಾಜು ನಿಂತಿದ್ದ. ಇಪ್ಪತ್ತು ವರ್ಷ ಕಂಬ ಹತ್ತಿದ ತೋಳುಗಳನ್ನು ಕಟ್ಟಿಕೊಂಡು ಅವನು ಕದಲಲಿಲ್ಲ.

ಪುನಿತವತಿ ಗಾಜಿನ ಪೆಟ್ಟಿಗೆಯೊಳಗೆ ಹೋಗಲಿಲ್ಲ. ಹೊರಗಿನ ಮೇಜಿನ ಫೋನಿನಿಂದಲೇ, ಚೀಟಿ ನೋಡದೆ, ನಂಬರು ಒತ್ತಿದರು. ಎರಡನೆಯ ಗಂಟೆಗೇ ಆ ಕಡೆಯವರು ಎತ್ತಿದರು. ದೇವರಾಜುವಿಗೆ ಕೇಳಿದ್ದು ತೆಳ್ಳಗಿನ ಒಂದು ಗಂಡು ದನಿ, ಅವಸರದ ತಮಿಳು. ಆ ದನಿ ಮಾತಾಡುತ್ತಲೇ ಇತ್ತು. ಕೇಳುತ್ತ ನಿಂತ ಆಕೆಯ ಮುಖದಿಂದ ರಕ್ತ ಇಳಿದುಹೋಯಿತು. ಎರಡು ವರ್ಷ ಒಂದು ಧ್ವನಿಗಾಗಿ ಕಾದು, ಕೊನೆಗೂ ಅದು ಕೇಳಿಸಿದಾಗ ಹೀಗಾಗಬೇಕೆ ಎಂದು ದೇವರಾಜುವಿಗೆ ಎದೆ ಉರಿಯಿತು.

ಕೊನೆಗೆ ಆಕೆ ಒಂದೇ ಒಂದು ಮಾತು ಹೇಳಿದರು. ಅದನ್ನು ಕೇಳಿದ ಕುಗನ್ ಗೋಡೆ ಹಿಡಿದುಕೊಂಡ. ಆ ಕಡೆಯಿಂದ ಬಂದ ಉತ್ತರ ಬಹಳ ಚಿಕ್ಕದು. ಪುನಿತವತಿ ಫೋನನ್ನು ಮೆಲ್ಲಗೆ, ಮಲಗಿದ ಮಗುವನ್ನು ಇಳಿಸುವಂತೆ ಕೆಳಗಿಟ್ಟರು.

"ನನ್ನ ಗಂಡ ತಲೆಮರೆಸಿಕೊಂಡಿಲ್ಲ," ಎಂದು ಆಕೆ ಕನ್ನಡದಲ್ಲಿ ಎಲ್ಲರಿಗೂ ಹೇಳಿದರು. "ಕುಗನ್ ಅಂದುಕೊಂಡು ಮಾತಾಡಿದರು. ಪುಸ್ತಕದ ಹೊಲಿಗೆ ಬಿಚ್ಚಬೇಡ ಅಂದರು. ಶುಕ್ರವಾರ ಮದರಾಸಿಗೆ ಅವರ ಮನುಷ್ಯ ಬರುತ್ತಾನಂತೆ, ಅವನ ಕೈಗೆ ಕೊಡಬೇಕಂತೆ. ಅವರು ಅಂದರೆ ಯಾರು ಗೊತ್ತಾ? ಅವತ್ತು ನಮ್ಮನ್ನು ಅಟ್ಟಿಸಿಕೊಂಡು ಬಂದವರು. ಈಗ ಅವರ ಜೊತೆ ರಾಜಿಯಾಗಿದೆ. ಇವರು ಮಂತ್ರಿಯಾಗುತ್ತಾರೆ. ನಂಬಿಕೆಗೆ ಗುರುತಾಗಿ ಅವರು ಕೇಳಿದ್ದು ಆ ಪುಸ್ತಕ. ಅವಳು ನಾಲ್ಕು ದಿನ ಅಳುತ್ತಾಳೆ, ಅಳಲಿ ಬಿಡು ಅಂದರು."

"ನೀವು ಅವ್ರಿಗೆ ಏನಂದ್ರಿ ಟೀಚರಮ್ಮ?" ಮಹದೇವಮ್ಮ ಆಕೆಯ ಕೈ ಹಿಡಿದು ಕೇಳಿದಳು.

"ಮೊದಲನೇ ಪುಟದಲ್ಲಿ ನಿಮ್ಮ ತಂಗಿಯ ಹೆಸರಿದೆ, ಅಂದೆ. ರಾಜಕೀಯ ನಿನಗೆ ಅರ್ಥವಾಗುವುದಿಲ್ಲ, ಅಂದರು."

ಆ ತಂಗಿ ಕುಗನ್‌ನ ತಾಯಿ ಎಂಬುದು ಅಲ್ಲಿದ್ದವರಿಗೆ ಹೊಳೆಯಲು ಒಂದು ಗಳಿಗೆ ಹಿಡಿಯಿತು. ಓಡಿದ ಮೊದಲ ರಾತ್ರಿ ಬಾಗಿಲು ತೆರೆದವಳು ಅವಳೇ. ಆಗ ಮದರಾಸಿನಲ್ಲಿದ್ದ ಮಗನಿಗೆ ಯಾರೂ ಹೇಳಿರಲಿಲ್ಲ, ತಿಳಿದವನಿಗೇ ಅಪಾಯ ಎಂದು.

ಕುಗನ್ ನೆಲಕ್ಕೆ ಕುಸಿದ. "ಶಾಂತಿಯಾದ ಮೇಲೆ ಆ ಮನೆಗಳಿಗೆಲ್ಲ ಕಾವಲು ಕೊಡಲು ಪಟ್ಟಿ ಬೇಕು, ಮಾಮಿ ಹೆದರಿ ಕೊಡುವುದಿಲ್ಲ, ನೀನು ತಾ ಎಂದರು ಮಾಮಾ. ನಾನು ನಂಬಿದೆ," ಎಂದು ಬಿಕ್ಕಿದ. ಮಲ್ಲಾಜಮ್ಮ ಅದನ್ನು ಕನ್ನಡಕ್ಕೆ ತಂದರು.

"ಮುಲಾಮು ಬಳಿದವನಿಗೆ ಈ ಬಿಸಿಲಲ್ಲಿ ಜರ್ಕಿನ್ ಯಾಕೆ ಬೇಕು?" ಎಂದರು ಆಮೇಲೆ. "ನಿನ್ನ ಬೆನ್ನಿಗಿರೋದನ್ನ ತೆಗೆದು ಅತ್ತೆಯ ಕೈಗೆ ಕೊಡಪ್ಪ."

ಅವನು ಜಿಪ್ ಎಳೆದ. ಅಂಗಿಯ ಒಳಗೆ, ಬೆನ್ನಿಗೆ ಬೆಲ್ಟಿನಿಂದ ಬಿಗಿದಿದ್ದ ಅರಿಶಿನದ ಬಟ್ಟೆಯ ಕಟ್ಟು ಬೆವರಿನಲ್ಲಿ ನೆನೆದಿತ್ತು. ಹೊಲಿಗೆ ಹಾಗೇ ಇತ್ತು. ಪುನಿತವತಿ ಪವಿತ್ರಳಿಂದ ಬ್ಲೇಡು ಇಸಿದುಕೊಂಡು ಅದನ್ನು ಬಿಚ್ಚಿ ಮೊದಲ ಪುಟವನ್ನು ಅವನ ಮುಂದೆ ಹಿಡಿದರು. ಬೈಯಲಿಲ್ಲ, ಹೊಡೆಯಲಿಲ್ಲ. ಬೈದಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು ಎಂದು ದೇವರಾಜುವಿಗೆ ಅನ್ನಿಸಿತು.

"ನಿನ್ನನ್ನು ಮಗ ಅಂದುಕೊಂಡಿದ್ದೆ," ಎಂದರು ಆಕೆ. "ಕೇಳಿದ್ದರೆ ನಾನೇ ಓದಿ ಹೇಳುತ್ತಿದ್ದೆ. ಎದ್ದೇಳು. ನಿನ್ನ ತಾಯಿಯ ಹೆಸರು ಮಾಮಾಗೆ ಪುಸ್ತಕವಿಲ್ಲದೆಯೂ ಗೊತ್ತು. ಇವತ್ತೇ ಹೊರಡು. ಅವಳನ್ನು ದೋಣಿ ಹತ್ತಿಸುವವರೆಗೆ ನನಗೆ ಮುಖ ತೋರಿಸಬೇಡ."

ಪವಿತ್ರಳ ಹಿತ್ತಲಿನ ನೀರೊಲೆಯಲ್ಲಿ ಕೆಂಡವಿತ್ತು. ಪುನಿತವತಿ ಒಲೆಯ ಮುಂದೆ ಕೂತು, ಒಂದೊಂದು ಹಾಳೆಯನ್ನೂ ಹರಿದು, ಅದರಲ್ಲಿದ್ದ ಹೆಸರನ್ನು ಒಮ್ಮೆ ಮೆಲ್ಲಗೆ ಹೇಳಿ ಬೆಂಕಿಗೆ ಹಾಕಿದರು. ಯಾರೂ ಅವಸರ ಮಾಡಲಿಲ್ಲ. ಚನ್ನಯ್ಯ ಮಾದೇಶನ ಹತ್ತಿರ ಹೋಗಿ, "ಬೀಡಿ ಇದ್ರೆ ಒಂದು ಕೊಡ್ಲಾ," ಎಂದ. ಚನ್ನಯ್ಯ ಜನ್ಮದಲ್ಲಿ ಬೀಡಿ ಸೇದಿದವನಲ್ಲ.

ಮೂರನೆಯ ವಾರಕ್ಕೆ ಮದರಾಸಿನಿಂದ ಒಂದು ಕಾರ್ಡು ಬಂತು. ಅದರಲ್ಲಿದ್ದದ್ದು ಎರಡೇ ಪದ: ಅಮ್ಮ ಬಂದಳು. ಪುನಿತವತಿ ಅದಕ್ಕೆ ಉತ್ತರ ಬರೆಯಲಿಲ್ಲ.

ಜುಲೈ ತಿಂಗಳಲ್ಲಿ ಅರುಳಂಬಲಂ ಮಂತ್ರಿಯಾದ ಸುದ್ದಿ ಪೇಪರಿನ ಒಳಪುಟದಲ್ಲಿ ನಾಲ್ಕು ಸಾಲು ಬಂತು. ಅದಾದ ಹತ್ತು ದಿನಕ್ಕೆ ಹೆಡತಲೆಗೆ ಒಂದು ಬಿಳಿ ಕಾರು ಬಂತು. ಗಾಳಿಗೆ ಹರಿದ ತಂತಿ ಕಟ್ಟಲು ದೇವರಾಜು ಚನ್ನಯ್ಯನ ಮನೆಯೆದುರಿನ ಕಂಬದ ಮೇಲಿದ್ದ. ಕೋಟು ತೊಟ್ಟ ಒಬ್ಬ ಇಳಿದು, ಕೈಯಲ್ಲಿ ಹಳೆಯ ಫೋಟೋ ಹಿಡಿದು ಅಂಗಳಕ್ಕೆ ಬಂದ. ಫೋಟೋದಲ್ಲಿ ದಪ್ಪ ಜರಿಯ ಸೀರೆಯ, ತುಂಬು ಮುಖದ ಹೆಂಗಸು. ಅಂಗಳದಲ್ಲಿ ಇದ್ದದ್ದು ತಲೆಗೆ ವಲ್ಲಿ ಸುತ್ತಿ, ಸೊಪ್ಪಿನ ಕುಕ್ಕೆಯನ್ನು ಸೊಂಟಕ್ಕೇರಿಸಿ ನಿಂತ ಬಡಕಲು ಹೆಂಗಸು.

"ಮಂತ್ರಿಗಳ ಮನೆಯವರು ಇಲ್ಲಿದ್ದಾರಂತೆ. ಕರೆದುಕೊಂಡು ಹೋಗಲು ಬಂದಿದ್ದೇವೆ. ವಿಮಾನದ ಟಿಕೆಟ್ ತಂದಿದ್ದೇವೆ," ಎಂದು ಕಾರಿನ ಡ್ರೈವರು ಕನ್ನಡದಲ್ಲಿ ವಿವರಿಸಿದ.

ಆಕೆ ಫೋಟೋವನ್ನು ಕೈಗೆ ತೆಗೆದುಕೊಂಡು ಚೆನ್ನಾಗಿ ನೋಡಿದರು. ಆಮೇಲೆ ಹೆಡತಲೆಯಲ್ಲಿ ಹುಟ್ಟಿ ಬೆಳೆದವರ ಹಾಗೆ ಉತ್ತರ ಕೊಟ್ಟರು.

"ಆವಮ್ಮ ಇಲ್ಲಿಲ್ಲ ಕಣಪ್ಪ. ಅವರ ಯಜಮಾನ್ರೇ ಮಾರ್ಕಂಡ್ಬುಟ್ರಂತಲ್ಲ. ಇಲ್ಲಿ ಬಂದು ಉಡುಕಿದ್ರೆ ಎಲ್ಲಿ ಸಿಕ್ಕಾರು?"

ಫೋಟೋ ಹಿಂದಕ್ಕೆ ಕೊಟ್ಟು, ಹುಳುಗಳಿಗೆ ಹೊತ್ತಾಯಿತೆಂದು ಒಳಗೆ ಹೋದರು.